ಹಳೆಯ ಕಾರುಗಳ ಪವರ್ ವಿಂಡೋ ಮೋಟಾರು ಬದಲಾವಣೆ: ನೋಂದಣಿ ನವೀಕರಣ ಕೋರುವ ಮಾಲೀಕರಿಗೆ ಮಾಹಿತಿ

ಖಾಸಗಿ ಕಾರುಗಳ ನೋಂದಣಿ ಪ್ರಮಾಣ ಪತ್ರವು ಸಾಮಾನ್ಯವಾಗಿ 15 ವರ್ಷಗಳ ಅವಧಿಗೆ ಸಿಂಧುವಾಗಿರುತ್ತದೆ. ತದನಂತರ ನವೀಕರಣಕ್ಕಾಗಿ ನಮೂನೆ-25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ 60 ದಿನಗಳೊಳಗೆ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಬಹುತೇಕ ಮಾಲೀಕರು ಬಾಕಿ ಉಳಿದ ದುರಸ್ತಿಗಳನ್ನು ಈ ಸಮಯದಲ್ಲಿಯೇ ಮಾಡಿಸುವುದರಿಂದ, ಪವರ್ ವಿಂಡೋ ಮೋಟಾರಿನ ಬಗ್ಗೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಅನುಮತಿ ಅಗತ್ಯವೇ?

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ, ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾ ವ್ಯತ್ಯಾಸವನ್ನು ಮಾತ್ರ ಮಾರ್ಪಾಡು ಎಂದು ಪರಿಗಣಿಸಲಾಗುತ್ತದೆ. ಕೆಟ್ಟ ಮೋಟಾರಿನ ಬದಲಿಗೆ ಅದೇ ಮಾದರಿಯ ಮೋಟಾರನ್ನು ಅಳವಡಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಆದ್ದರಿಂದ ಇದಕ್ಕೆ ಪೂರ್ವಾನುಮತಿಯಾಗಲಿ, ಮಧ್ಯವರ್ತಿಗಳ ನೆರವಾಗಲಿ ಬೇಕಿಲ್ಲ. ಆದರೆ ಗಾಜನ್ನೇ ಬದಲಿಸಿದಲ್ಲಿ, ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 100ರಂತೆ ಅದು ಸುರಕ್ಷತಾ ಗಾಜಾಗಿದ್ದು, ಪಕ್ಕದ ಕಿಟಕಿಗಳಲ್ಲಿ ಕನಿಷ್ಠ ಶೇಕಡ 50ರಷ್ಟು ಬೆಳಕು ಹಾಯುವಂತಿರತಕ್ಕದ್ದು.

ದೋಷವನ್ನು ಗುರುತಿಸುವ ವಿಧಾನ

ಗಾಜು ಚಲಿಸದಿದ್ದ ಮಾತ್ರಕ್ಕೆ ಮೋಟಾರು ಕೆಟ್ಟಿದೆಯೆಂದು ಭಾವಿಸತಕ್ಕದ್ದಲ್ಲ.

1. ಯಾವ ಶಬ್ದವೂ ಬಾರದಿದ್ದಲ್ಲಿ ಮೊದಲು ಫ್ಯೂಸು, ಸ್ವಿಚ್ಚು ಹಾಗೂ ಬಾಗಿಲಿನ ಕೀಲಿನ ಬಳಿ ಮಡಚಿ ತುಂಡಾಗಬಹುದಾದ ವೈರುಗಳನ್ನು ಪರೀಕ್ಷಿಸುವುದು.
2. ಮೋಟಾರು ತಿರುಗುವ ಶಬ್ದವಿದ್ದೂ ಗಾಜು ಏರದಿದ್ದಲ್ಲಿ, ಹಲ್ಲುಚಕ್ರ ಸವೆದಿರಬಹುದು ಅಥವಾ ಗಾಜನ್ನು ಎತ್ತುವ ರೆಗ್ಯುಲೇಟರಿನ ಕೇಬಲ್ ತುಂಡಾಗಿರಬಹುದು.
3. ಗಾಜು ನಿಧಾನವಾಗಿ ಚಲಿಸಿದಲ್ಲಿ, ಒಣಗಿದ ರಬ್ಬರ್ ಪಟ್ಟಿಯೇ ಕಾರಣವಾಗಿರಬಹುದು.
4. ಎರಡು ವೈರುಗಳ ಮೋಟಾರಿಗೆ ಬ್ಯಾಟರಿಯ 12 ವೋಲ್ಟ್ ನೇರವಾಗಿ ನೀಡಿದಾಗಲೂ ತಿರುಗದಿದ್ದಲ್ಲಿ ಮಾತ್ರ ಬದಲಾಯಿಸುವುದು.

ಬದಲಾವಣೆಯ ಕ್ರಮ

ಮೊದಲು ಗಾಜನ್ನು ಮೇಲಕ್ಕೆತ್ತಿ, ಬಾಗಿಲಿನ ಚೌಕಟ್ಟಿಗೆ ಗಟ್ಟಿಯಾದ ಟೇಪಿನಿಂದ ಭದ್ರಪಡಿಸಿ, ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ತದನಂತರ ಹಿಡಿಕೆಯ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಡೋರ್ ಪ್ಯಾಡನ್ನು ಕ್ಲಿಪ್ಪುಗಳಿಂದ ಬಿಡಿಸಿ, ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಸರಿಸಬೇಕು. ಈ ಹಾಳೆಯನ್ನು ಮರಳಿ ಅಂಟಿಸದಿದ್ದಲ್ಲಿ ಮಳೆನೀರು ಕಾರಿನೊಳಗೆ ಇಳಿಯುತ್ತದೆ. ಎಡ ಮತ್ತು ಬಲ ಬಾಗಿಲುಗಳ ಮೋಟಾರುಗಳು ಸಾಮಾನ್ಯವಾಗಿ ಬೇರೆಬೇರೆಯಾಗಿರುವುದರಿಂದ ಖರೀದಿಗೆ ಮುನ್ನ ಹಳೆಯದರೊಂದಿಗೆ ಹೋಲಿಸಿ ನೋಡುವುದು ಸೂಕ್ತ. ಡೋರ್ ಪ್ಯಾಡ್ ಮುಚ್ಚುವ ಮೊದಲೇ ಗಾಜನ್ನು ಪೂರ್ಣವಾಗಿ ಏರಿಸಿ ಇಳಿಸಿ ಪರೀಕ್ಷಿಸತಕ್ಕದ್ದು.

ಎಚ್ಚರಿಕೆ

ಕತ್ತರಿಯಾಕಾರದ ರೆಗ್ಯುಲೇಟರುಗಳಲ್ಲಿ ಬಿಗಿದ ಸ್ಪ್ರಿಂಗ್ ಇರುತ್ತದೆ. ಅದರ ತೋಳನ್ನು ಭದ್ರವಾಗಿ ಬಿಗಿಯದೆ ಮೋಟಾರು ಕಳಚಿದಲ್ಲಿ, ತೋಳು ರಭಸದಿಂದ ಎಗರಿ ಬೆರಳುಗಳಿಗೆ ತೀವ್ರ ಗಾಯವಾಗಬಹುದು. ಬಾಗಿಲಿನೊಳಗೆ ಏರ್‌ಬ್ಯಾಗ್ ಅಥವಾ ಅದರ ಸಂವೇದಕವಿರುವ ಕಾರುಗಳ ಕೆಲಸವನ್ನು ತರಬೇತಿ ಪಡೆದ ಮೆಕ್ಯಾನಿಕ್‌ಗೇ ವಹಿಸುವುದು ಕ್ಷೇಮ.

ಹಳೆಯ ಕಾರುಗಳ ಪೈಕಿ ಅನೇಕವುಗಳಲ್ಲಿ, ಅಡ್ಡಿ ಎದುರಾದಾಗ ಗಾಜು ತಾನಾಗಿ ನಿಲ್ಲುವ ವ್ಯವಸ್ಥೆಯಿಲ್ಲ. ಹೊಸ ಮೋಟಾರು ಗಾಜನ್ನು ಮೊದಲಿಗಿಂತ ಹೆಚ್ಚು ಬಲದಿಂದ ಏರಿಸುವುದರಿಂದ, ಮಗುವಿನ ಕೈ ಅಥವಾ ಕುತ್ತಿಗೆ ಸಿಲುಕಿದಲ್ಲಿ ಪ್ರಾಣಾಪಾಯವಾಗಬಹುದು. ಮಕ್ಕಳು ಕಾರಿನಲ್ಲಿರುವಾಗ ಚಾಲಕರ ಬಳಿಯ ಕಿಟಕಿ ಲಾಕ್ ಗುಂಡಿಯನ್ನು ಬಳಸುವಂತೆ ಹಾಗೂ ಕಾರಿನಿಂದ ಇಳಿಯುವಾಗ ಕೀಲಿಯನ್ನು ತಪ್ಪದೇ ತೆಗೆದುಕೊಳ್ಳುವಂತೆ ವಾಹನ ಮಾಲೀಕರನ್ನು ಕೋರಲಾಗಿದೆ.