ಜಾಲಹಳ್ಳಿಯಂತಹ ಔದ್ಯೋಗಿಕ ನೆಲೆಯಲ್ಲಿ ಕ್ರೈಸ್ತ ಸಭೆಯ ಪರಸ್ಪರ ಪಾಲನೆ

ಗ್ರಾಮಜೀವನದಲ್ಲಿ ಕಷ್ಟಸುಖಗಳನ್ನು ವಿಚಾರಿಸುವ ಹೊಣೆ ಬಂಧುಬಳಗದ್ದು. ಹೆರಿಗೆ, ಕಾಯಿಲೆ, ಸಾಲ, ಸಾವು ಇವು ಒದಗಿದಾಗ ಯಾರು ಬರಬೇಕು, ಯಾರು ಏನು ಮಾಡಬೇಕು ಎಂಬುದನ್ನು ರೂಢಿಯೇ ಗೊತ್ತುಮಾಡಿರುತ್ತದೆ. ಉದ್ಯೋಗಾರ್ಥವಾಗಿ ಊರು ಬಿಟ್ಟು ಬಂದವರಿಗೆ ಈ ಆಸರೆ ಇಲ್ಲ. ಅಂತಹವರ ಪಾಲಿಗೆ ಕ್ರೈಸ್ತ ಸಭೆಯೊಂದು ಬಂಧುಬಳಗವಾಗಬಲ್ಲುದೆ, ಆಗಬೇಕಾದರೆ ಎಂತಹ ಏರ್ಪಾಡು ಅಗತ್ಯ ಎಂಬುದನ್ನು ಜಾಲಹಳ್ಳಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ವಾಯವ್ಯಕ್ಕಿರುವ ಜಾಲಹಳ್ಳಿಯ ಪರಿಸರದಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. ಕನ್ನಡ ಜಿಲ್ಲೆಗಳವರೊಡನೆ ತಮಿಳು, ಮಲಯಾಳ, ತೆಲುಗು ಭಾಷಿಕರೂ ಇಲ್ಲಿ ಬಂದು ನೆಲಸಿದರು. ಇವರಲ್ಲಿ ನಾನಾ ಪಂಗಡಗಳ ಕ್ರೈಸ್ತರೂ ಇದ್ದರು. ಮೊದಲ ತಲೆಮಾರಿನ ಆ ಕೆಲಸಗಾರರು ನಿವೃತ್ತರಾಗಿ ಬಹುಕಾಲವಾಯಿತು. ಎಚ್‌ಎಂಟಿ ಗಡಿಯಾರ ಸಂಸ್ಥೆಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವಸಂಪುಟ ಒಪ್ಪಿಗೆಯಿತ್ತಿತು. ಇಂದು ದೇವಾಲಯದ ಒಂದೇ ಬೆಂಚಿನಲ್ಲಿ, ಮಕ್ಕಳೆಲ್ಲ ದೂರದೇಶದಲ್ಲಿರುವ ವೃದ್ಧೆಯೂ, ನೆರೆಯ ಪೀಣ್ಯದ ಕಾರ್ಖಾನೆಗೆ ಹೊಸದಾಗಿ ಸೇರಿ ಬಾಡಿಗೆಯ ಕೊಠಡಿಯಲ್ಲಿರುವ ಯುವಕನೂ ಕುಳಿತಿರಬಹುದು. ಇಬ್ಬರೂ ಒಂದೇ ಕೀರ್ತನೆಯನ್ನು ಹಾಡುತ್ತಾರೆ. ಒಬ್ಬರ ಮನೆ ಇನ್ನೊಬ್ಬರಿಗೆ ತಿಳಿಯದು. ಮುಂದಿನ ಭಾನುವಾರ ಅವರಲ್ಲೊಬ್ಬರ ಜಾಗ ಬರಿದಾದರೆ ಅದನ್ನು ಗಮನಿಸುವವರು ಯಾರು? ಸಮಸ್ಯೆಯ ತಿರುಳು ಇದೇ.

ಈ ಸಮಸ್ಯೆ ಹೊಸದೇನೂ ಅಲ್ಲ. ಜೆರೂಸಲೇಮಿನ ಆದಿಸಭೆಯಲ್ಲಿಯೂ ಇದು ತಲೆದೋರಿತ್ತೆಂದು ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದ 6ನೆಯ ಅಧ್ಯಾಯದಿಂದ ತಿಳಿದುಬರುತ್ತದೆ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ಭಾಷೆಯನ್ನಾಡುತ್ತಿದ್ದವರು ಗೊಣಗಿದರು. ಅಪೊಸ್ತಲರು ಆ ದೂರನ್ನು ಅಲ್ಲಗಳೆಯಲಿಲ್ಲ. ಬರಿಯ ಬುದ್ಧಿವಾದವನ್ನು ಹೇಳಿ ಸುಮ್ಮನಾಗಲೂ ಇಲ್ಲ. ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸುವಂತೆ ಸಭೆಗೆ ಸೂಚಿಸಿದರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೆಂಬುದು ಗಮನಾರ್ಹ. ಹಲವು ಭಾಷೆಗಳ ಜನ ಕೂಡುವ ಸಭೆಯಲ್ಲಿ ಉಪೇಕ್ಷೆ ದ್ವೇಷದಿಂದಲೇ ಹುಟ್ಟಬೇಕಾಗಿಲ್ಲ, ಪರಿಚಯವಿಲ್ಲದಿದ್ದರೆ ಸಾಕು. ಪ್ರೀತಿಯಿದ್ದರೂ ಏರ್ಪಾಡಿಲ್ಲದಿದ್ದರೆ ಅದು ಪರಿಚಿತರ ಬಾಗಿಲಿನಲ್ಲಿಯೇ ನಿಂತುಬಿಡುತ್ತದೆ.

ಏರ್ಪಾಡಿನ ಸ್ವರೂಪಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಿಂದ ಒಂದು ಉದಾಹರಣೆಯನ್ನು ಕೊಡಬಹುದು. 1742ರಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ತಮ್ಮ ಪ್ರಾರ್ಥನಾಮಂದಿರದ ಸಾಲವನ್ನು ತೀರಿಸಲು ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಬೇಕೆಂದು ಯೋಚಿಸಿದರು. ಬಡವರಿಗೆ ಅಷ್ಟೂ ಶಕ್ಯವಲ್ಲವೆಂಬ ಮಾತು ಬಂದಾಗ ಸದಸ್ಯನೊಬ್ಬನು, ಅತಿ ಬಡವರಾದ ಹನ್ನೊಂದು ಮಂದಿಯನ್ನು ತನಗೆ ವಹಿಸಬೇಕೆಂದೂ ಅವರಿಂದ ಆಗದುದನ್ನು ತಾನೇ ತುಂಬುವೆನೆಂದೂ ಮುಂದೆ ಬಂದನು. ಹೀಗೆ ಹಣಕ್ಕಾಗಿ ವಾರವಾರವೂ ಮನೆಗಳಿಗೆ ಹೋದವರಿಗೆ ಅಲ್ಲಿಯ ಸ್ಥಿತಿಗತಿಗಳು ಕಣ್ಣಿಗೆ ಬಿದ್ದುವು. ಸಾಲದ ಲೆಕ್ಕಕ್ಕಾಗಿ ಹುಟ್ಟಿದ ಗುಂಪು ಪರಸ್ಪರ ಪಾಲನೆಯ ಘಟಕವಾಯಿತು. ಇದೇ ಪರಂಪರೆಯ ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿಗೆ ಬಂದಿತು. 1947ರಲ್ಲಿ ಅದರ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡುವು. ಕಥೋಲಿಕ ಪರಂಪರೆಯಲ್ಲಿಯೂ ಮನೆಭೇಟಿಗೆ ಇಂತಹುದೇ ಸ್ಥಾನವಿದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜಾನಂ ತನ್ನ ಸಂಗಡಿಗರೊಡನೆ ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲರ ಸಂಘ ಬಡವರನ್ನು ಅವರ ಮನೆಯಲ್ಲಿಯೇ ಕಾಣುವುದನ್ನು ತನ್ನ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡಿತು. ಆಗ ಓಜಾನಂ ಇಪ್ಪತ್ತು ವರ್ಷದ ವಿದ್ಯಾರ್ಥಿಯೆಂಬುದನ್ನು ನಮ್ಮ ಕಾಲೇಜು ತರುಣರು ನೆನೆಯಬಹುದು.

ಆದರೆ ಪಾಲನೆಯಲ್ಲಿ ಒಂದು ಅಪಾಯವೂ ಉಂಟು. ಮಂಗಳೂರಿನಲ್ಲಿ 1834ರಿಂದ ಕೆಲಸ ಮಾಡಿದ ಬಾಸೆಲ್ ಮಿಷನ್, ಮತಾಂತರದಿಂದ ಮನೆಮಾರು, ಕಸಬು ಕಳೆದುಕೊಂಡವರಿಗೆ ಜೀವನೋಪಾಯವನ್ನು ಕಲ್ಪಿಸಲು ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಈ ಉಪಕಾರ ದೊಡ್ಡದು. ಆದರೂ ಸಭೆಯೂ ಧಣಿಯೂ ಒಂದೇ ಆದಾಗ ಕೊಡುವ ಕೈ ಯಾವಾಗಲೂ ಮೇಲೆ, ಪಡೆಯುವ ಕೈ ಯಾವಾಗಲೂ ಕೆಳಗೆ ಉಳಿಯುವ ಸಂಭವವಿದೆ. ಪೌಲನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ‘ಒಬ್ಬರನ್ನೊಬ್ಬರು’ ಎಂಬ ಮಾತಿನ ಅರ್ಥ ಅದಲ್ಲ. ಪಡೆಯುವವನಿಗೂ ಕೊಡುವ ಅವಕಾಶವಿದ್ದಾಗಲೇ ಅದು ಪರಸ್ಪರ ಪಾಲನೆಯಾಗುತ್ತದೆ.

ಇದನ್ನು ಜಾಲಹಳ್ಳಿಗೆ ಅನ್ವಯಿಸಿ ನೋಡೋಣ. ಹತ್ತು ಹನ್ನೆರಡು ಮನೆಗಳಿಗೆ ಒಂದರಂತೆ, ಭಾಷೆಯಿಂದಲ್ಲದೆ ಬೀದಿಯ ನೆರೆಹೊರೆಯಿಂದ, ಸಭೆಯನ್ನು ವಿಂಗಡಿಸುವುದು ಮೊದಲನೆಯ ಹೆಜ್ಜೆ. ಇಬ್ಬಿಬ್ಬರು ಕೂಡಿ ಭೇಟಿಯಿಡುವುದು ಎರಡನೆಯದು. ಅವರಲ್ಲೊಬ್ಬರಿಗೆ ಆ ಮನೆಯ ಭಾಷೆ ಬಂದರೆ ಲೇಸು. ಮೂರನೆಯದು ಗೋಪ್ಯ. ಕೆಲಸ ಕಳೆದುಕೊಂಡವನು ಹಣದ ಕೊರತೆಗಿಂತ ನಾಲ್ವರ ಬಾಯಿಗೆ ಹೆಚ್ಚು ಅಂಜುತ್ತಾನೆ. ಭೇಟಿಯಲ್ಲಿ ತಿಳಿದ ಸಂಗತಿ ಪ್ರಾರ್ಥನೆಯ ನೆಪದಿಂದಲೂ ಹೊರಬೀಳಬಾರದು. ಕಾಯಿಲೆಯವರನ್ನು ವೈದ್ಯರಲ್ಲಿಗೆ ಮುಟ್ಟಿಸುವುದೂ ಪ್ರಾರ್ಥನೆಯಷ್ಟೇ ಅಗತ್ಯ. ಕೊನೆಯದಾಗಿ, ಯಾರನ್ನೂ ಬರಿಯ ಫಲಾನುಭವಿಯೆಂದು ಎಣಿಸಬಾರದು. ಕಾಲು ಸೋತ ನಿವೃತ್ತ ಕುಶಲಕರ್ಮಿ ದಿನಕ್ಕೊಬ್ಬರಿಗೆ ದೂರವಾಣಿಯಲ್ಲಿ ಮಾತನಾಡಬಲ್ಲ. ಕೊಠಡಿಯ ಯುವಕ ವೃದ್ಧೆಗೆ ಔಷಧ ತಂದುಕೊಡಬಲ್ಲ. ಆ ವೃದ್ಧೆ ಭಾನುವಾರದ ಮಧ್ಯಾಹ್ನ ಅವನಿಗೆ ಒಂದು ತುತ್ತು ಅನ್ನವಿಕ್ಕಬಲ್ಲಳು.

ಇದೆಲ್ಲ ಸಭಾಪಾಲಕರೊಬ್ಬರಿಂದಲೇ ಆಗುವ ಕೆಲಸವಲ್ಲ. ನೂರಾರು ಮನೆಗಳ ಒಳಗುದಿಯನ್ನು ಒಬ್ಬರು ಅರಿಯಲಾರರು. ಹನ್ನೆರಡು ಮನೆಗಳನ್ನು ಇಬ್ಬರು ಅರಿಯಬಲ್ಲರು. ಸಭೆಯ ಯೋಗ್ಯತೆಯನ್ನು ಕಟ್ಟಡದಿಂದಲೋ ಕಾಣಿಕೆಯ ಮೊತ್ತದಿಂದಲೋ ಅಳೆಯುವುದುಂಟು. ಅದಕ್ಕಿಂತ ಸರಳವಾದ ಅಳತೆಯೊಂದಿದೆ: ಸದಸ್ಯನೊಬ್ಬನು ಬಾರದೆಹೋದ ಎಷ್ಟನೆಯ ದಿನ ಅವನ ಬಾಗಿಲನ್ನು ಯಾರಾದರೂ ತಟ್ಟುತ್ತಾರೆ?