ಕಂಪ್ಯೂಟರಿನ ದಣಪೆಗಳು



ತೋಟದ ದಣಪೆ ಒಂದು ರಾತ್ರಿ ತೆರೆದೇ ಉಳಿದರೆ ಬೆಳಿಗ್ಗೆ ಅಡಿಕೆ ಸಸಿಗಳ ಗತಿ ಏನಾಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಘದ ಕಚೇರಿಯ ಕಂಪ್ಯೂಟರಿಗೂ ಇಂಥ ದಣಪೆಗಳಿವೆ. ನಮ್ಮೆಲ್ಲರ ತೂಕದ ಲೆಕ್ಕ, ಸಾಲದ ಖಾತೆಗಳು ಅದರೊಳಗಿರುವುದರಿಂದ ಈ ವಿಷಯವನ್ನು ಅರಿತಿರುವುದು ಒಳ್ಳೆಯದು.

ಜಾಲಕ್ಕೆ ಸೇರಿದ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸವಿರುತ್ತದೆ. ಆ ವಿಳಾಸಕ್ಕೆ ಬಂದ ಮಾಹಿತಿ ಯಾವ ತಂತ್ರಾಂಶಕ್ಕೆ ಸೇರಬೇಕೆಂದು ತಿಳಿಸುವ ಸಂಖ್ಯೆಯೇ ಪೋರ್ಟ್. ಈ ಸಂಖ್ಯೆಗಳು 0ಯಿಂದ 65,535ರವರೆಗೆ ಇವೆ. ಜಾಲತಾಣಗಳಿಗೆ 80 ಮತ್ತು 443, ಕಡತಗಳ ಹಂಚಿಕೆಗೆ 445, ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ಗೆ 3389 ಎಂಬುದು ರೂಢಿ. ಪೋರ್ಟ್ ತೆರೆದಿದೆ ಎಂದರೆ ಅದರ ಹಿಂದೆ ಒಂದು ತಂತ್ರಾಂಶವು ಕರೆಗೆ ಓಗೊಡಲು ಕಾದಿದೆ ಎಂದರ್ಥ. ಯಾವ ಕರೆಯನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿಯಮದಂತೆ ನೋಡುವ ಕಾವಲುಗಾರನೇ ಫೈರ್‌ವಾಲ್.

ಉಪೇಕ್ಷೆಯ ಫಲವನ್ನು ಜಗತ್ತು 2017ರ ಮೇ 12ರಂದು ಕಂಡಿತು. 'ವಾನ್ನಾಕ್ರೈ' ಎಂಬ ದುಷ್ಟ ತಂತ್ರಾಂಶವು 445ನೆಯ ಪೋರ್ಟಿನ ಮೂಲಕ, ಯಾರೂ ಏನನ್ನೂ ಒತ್ತದೆಯೇ, ಯಂತ್ರದಿಂದ ಯಂತ್ರಕ್ಕೆ ಹರಡಿತು. ಕಡತಗಳಿಗೆ ಬೀಗ ಜಡಿದು 300 ಡಾಲರ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು. ದೋಷ ಸರಿಪಡಿಸುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚಿಯಲ್ಲೇ ಕೊಟ್ಟಿತ್ತು; ಅನೇಕರು ಅದನ್ನು ಅಳವಡಿಸಿಕೊಂಡಿರಲಿಲ್ಲ.

ನಮ್ಮ ಕಚೇರಿಯೂ ಇದಕ್ಕೆ ಹೊರತಾಗಿರಲಿಲ್ಲ. ಲೆಕ್ಕದ ತಂತ್ರಾಂಶ ದುರಸ್ತಿಗೆಂದು ಬಂದ ತಂತ್ರಜ್ಞರು ರೂಟರಿನಲ್ಲಿ 3389ನ್ನು ತೆರೆದು, ಮುಚ್ಚದೆ ಹೋಗಿದ್ದರು. ತಿಂಗಳುಗಳ ನಂತರ ಪರಿಶೀಲಿಸುವಾಗ ಅದು ನಮ್ಮ ಕಣ್ಣಿಗೆ ಬಿತ್ತು. ಹಾನಿಯಾಗಿರಲಿಲ್ಲ, ಕೂಡಲೇ ಮುಚ್ಚಿಸಿದೆವು. ಕೇಳದೆ ಇದ್ದುದು ನಮ್ಮದೇ ತಪ್ಪು.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ವಿಂಡೋಸ್‌ನ ಫೈರ್‌ವಾಲನ್ನು ಎಂದೂ ಆರಿಸಬೇಡಿ.

2. 'ನೆಟ್‌ಸ್ಟ್ಯಾಟ್ -ಎ' ಆಜ್ಞೆ ಕೊಟ್ಟರೆ ಕಾದಿರುವ ಪೋರ್ಟುಗಳ ಪಟ್ಟಿ ಬರುತ್ತದೆ. ಪಟ್ಟಿ ಉದ್ದವಿದ್ದರೆ ಗಾಬರಿ ಬೇಡ; ಫೈರ್‌ವಾಲ್ ತಡೆದಿದ್ದರೆ ಹೊರಗಿನವರಿಗೆ ಅವು ಸಿಗವು. ಬಳಕೆಯಲ್ಲಿಲ್ಲದ ತಂತ್ರಾಂಶಗಳನ್ನು ಮಾತ್ರ ತೆಗೆಸಿ.

3. ಗೋದಾಮಿನ ಕ್ಯಾಮೆರಾವನ್ನು ಮೊಬೈಲಿನಲ್ಲಿ ನೋಡಲು ರೂಟರಿನಲ್ಲಿ ಪೋರ್ಟ್ ತೆರೆಸಿದ್ದರೆ, ಕ್ಯಾಮೆರಾದೊಡನೆ ಬಂದ ಗುಪ್ತಪದವನ್ನು ಇಂದೇ ಬದಲಿಸಿ. 2016ರಲ್ಲಿ 'ಮಿರೈ' ಎಂಬ ತಂತ್ರಾಂಶವು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಇಂಥ ಬದಲಿಸದ ಗುಪ್ತಪದಗಳಿಂದಲೇ.

4. ದುರಸ್ತಿಗೆ ಬಂದವರು ಹೊರಡುವ ಮುನ್ನ, "ಏನನ್ನು ತೆರೆದಿರಿ, ಮುಚ್ಚಿದಿರಾ?" ಎಂದು ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆದಿಡಿ.

ಕೊಯ್ಲು ಮುಗಿಸಿ ಬರುವಾಗ ದಣಪೆ ಹಾಕಿದೆಯೇ ಎಂದು ತಿರುಗಿ ನೋಡುವ ಅಭ್ಯಾಸ ನಮಗಿದೆ. ಅದನ್ನೇ ಕಂಪ್ಯೂಟರಿನ ಕೋಣೆಯಲ್ಲೂ ರೂಢಿಸಿಕೊಳ್ಳೋಣ.