ಹಳೆಯ ಗಣಕಯಂತ್ರಕ್ಕೆ ತಕ್ಕ ಕಾರ್ಯಾಚರಣ ವ್ಯವಸ್ಥೆ: ಒಂದು ವಿವೇಚನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಈ ಸೀಮೆಯ ಅಧ್ಯಾಪಕರ ಮನೆಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಗಣಕಯಂತ್ರವೊಂದು ಇಂದಿಗೂ ಕಾಣಸಿಗುತ್ತದೆ. ಮಕ್ಕಳ ವ್ಯಾಸಂಗಕ್ಕೆಂದು ಸಾಲಮಾಡಿ ತಂದದ್ದು ಅದು. ಮಕ್ಕಳು ಓದಿ ಬೆಂಗಳೂರು ಸೇರಿದರು, ಯಂತ್ರ ಮನೆಯಲ್ಲುಳಿಯಿತು. ಪ್ರಶ್ನಪತ್ರಿಕೆಯ ಬೆರಳಚ್ಚು, ಪತ್ರವ್ಯವಹಾರ, ಬ್ಯಾಂಕಿನ ಲೆಕ್ಕ ಮೊದಲಾದ ಕೆಲಸಗಳಿಗೆ ಅದು ಸಾಕಾಗಿತ್ತು. ಹೀಗಿರಲು 2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11ನ್ನು ಇಂತಹ ಹಳೆಯ ಯಂತ್ರಗಳು ಬಹುಮಟ್ಟಿಗೆ ಸ್ವೀಕರಿಸವು. ಹಾಗಾದರೆ ಈ ಯಂತ್ರವನ್ನು ಗುಜರಿಗೆ ಹಾಕಬೇಕೇ, ಅಥವಾ ಅದಕ್ಕೆ ತಕ್ಕ ಬೇರೊಂದು ವ್ಯವಸ್ಥೆಯುಂಟೇ? ಈ ಪ್ರಶ್ನೆಯನ್ನು ಕೇಳಿದವರು ಅನೇಕರು. ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ವ್ಯಾಕರಣ, ಛಂದಸ್ಸುಗಳನ್ನು ಓದಿಕೊಂಡವನು. ಆದರೆ ನಷ್ಟವೊಂದನ್ನು ಅನುಭವಿಸಿ ಈ ವಿಷಯವನ್ನು ಕಲಿತೆನಾದ್ದರಿಂದ, ಕಲಿತಷ್ಟನ್ನು ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇನೆ.

ಆ ನಷ್ಟದ ವೃತ್ತಾಂತ ಹೀಗಿದೆ. 2011ರಲ್ಲಿ ಕೊಂಡ ನನ್ನ ಗಣಕಯಂತ್ರದಲ್ಲಿ ನಮ್ಮ ಸೀಮೆಯ ಆಡುಮಾತಿನ ಪದಗಳನ್ನು ಸಂಗ್ರಹಿಸಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಡುತ್ತಿದ್ದೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ನೀರಿಗೆ ಸಂಬಂಧಿಸಿದ ಮಾತುಗಳೇ ಹೆಚ್ಚು. ಕೆರೆಯ ತೂಬು, ಕೋಡಿ, ಅಚ್ಚುಕಟ್ಟು, ಬಾವಿಯ ಕಪಿಲೆ, ಏತ, ಮರಳುನೆಲದಲ್ಲಿ ಒರತೆಯಾಗಿ ಹೊಮ್ಮುವ ತಲಪರಿಗೆ. ಇವುಗಳ ಸುತ್ತ ಹಿರಿಯರ ನಾಲಗೆಯ ಮೇಲಿದ್ದ ಮಾತುಗಳನ್ನು ಊರೂರಿಗೆ ಹೋಗಿ ಕೇಳಿ ಬರೆದುಕೊಂಡಿದ್ದೆ. 2020ರ ಜನವರಿಯಲ್ಲಿ ವಿಂಡೋಸ್ 7ರ ಬೆಂಬಲ ನಿಂತಾಗ, ಯಂತ್ರವನ್ನು ಹೊಸತಾಗಿಸಿಕೊಡಿರೆಂದು ಒಂದು ಅಂಗಡಿಗೆ ಕೊಟ್ಟೆ. ಅವರು ಯಂತ್ರದ ಡಿಸ್ಕನ್ನು ಪೂರ್ತಿಯಾಗಿ ಅಳಿಸಿ, ಪರವಾನಗಿಯಿಲ್ಲದ ವಿಂಡೋಸ್ 10ರ ಪ್ರತಿಯೊಂದನ್ನು ಹಾಕಿ ಹಿಂದಿರುಗಿಸಿದರು. ಒಳಗೇನಿದೆಯೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. 2016ರಲ್ಲಿ ಒಂದು ಸಿ.ಡಿ.ಗೆ ತೆಗೆದಿಟ್ಟಿದ್ದ ಭಾಗ ಮಾತ್ರ ಉಳಿಯಿತು. ಆಮೇಲೆ ನಾಲ್ಕು ವರ್ಷ ಕೂಡಿಸಿದ್ದು ಹೋಯಿತು. ಅದರಲ್ಲಿ ಪಾವಗಡದ ಕಡೆಯ ತಲಪರಿಗೆಯ ಮಾತುಗಳೇ ಬಹಳ. ಅವನ್ನು ಹೇಳಿಕೊಟ್ಟ ಮುದುಕರಲ್ಲಿ ಇಂದು ಬದುಕಿರುವವರು ಇಬ್ಬರು ಮಾತ್ರ.

ಕಾರ್ಯಾಚರಣ ವ್ಯವಸ್ಥೆ ಎಂದರೇನು?

ಆಪರೇಟಿಂಗ್ ಸಿಸ್ಟಮ್ ಎಂದು ಬಳಕೆಯಲ್ಲಿರುವುದನ್ನು ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಜಾತ್ರೆಯ ದಿನ ಮಠದ ಉಗ್ರಾಣವನ್ನು ನೆನೆಯಿರಿ. ಅಕ್ಕಿ ಬೇಳೆ ಬೇಕಾದಷ್ಟಿದೆ, ಒಲೆಗಳಿವೆ, ಬಾಣಸಿಗರಿದ್ದಾರೆ. ಆದರೆ ಯಾವ ಒಲೆ ಯಾರಿಗೆ, ಯಾವ ಪಾತ್ರೆ ಯಾವಾಗ, ಎಷ್ಟು ಸೇರು ಯಾರಿಗೆ ಎಂದು ಹಂಚಿಕೊಡುವ ಉಗ್ರಾಣಿಯಿಲ್ಲದಿದ್ದರೆ ಅನ್ನವಾಗದು. ಗಣಕಯಂತ್ರದಲ್ಲಿ ಸಂಸ್ಕಾರಕ, ಸ್ಮೃತಿ, ಡಿಸ್ಕು, ಮುದ್ರಕಗಳೆಂಬ ಸಾಮಗ್ರಿಯನ್ನು ನುಡಿ ಮೊದಲಾದ ಅನ್ವಯ ತಂತ್ರಾಂಶಗಳಿಗೆ ಹಂಚಿಕೊಡುವ ಉಗ್ರಾಣಿಯೇ ಕಾರ್ಯಾಚರಣ ವ್ಯವಸ್ಥೆ. ಹೊಸ ಉಗ್ರಾಣಿ ದೊಡ್ಡ ಉಗ್ರಾಣದಲ್ಲಿ ಪಳಗಿದವನಾದರೆ ತನಗೇ ಹೆಚ್ಚು ಜಾಗ ಬೇಡುತ್ತಾನೆ. ಚಿಕ್ಕ ಉಗ್ರಾಣದಲ್ಲಿ ಅವನು ನಿಂತರೆ ಬಾಣಸಿಗರಿಗೆ ಸ್ಥಳವಿಲ್ಲದಾಗುತ್ತದೆ. ಹಳೆಯ ಯಂತ್ರ ನಿಧಾನವಾಯಿತೆಂದು ನಾವು ದೂರುವಾಗ ಅನೇಕ ವೇಳೆ ತಪ್ಪು ಯಂತ್ರದ್ದಲ್ಲ, ಅದಕ್ಕೆ ಒಗ್ಗದ ಉಗ್ರಾಣಿಯದು.

ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ಕಳ್ಳಗಿಂಡಿಗಳು ಕಂಡುಬಂದಾಗ ಅವನ್ನು ಮುಚ್ಚುವ ತಿದ್ದುಪಡಿಗಳು ಇನ್ನು ಬರುವುದಿಲ್ಲವೆಂದು ಅರ್ಥ. ಗೃಹಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ತಿದ್ದುಪಡಿಗಳ ಯೋಜನೆಯನ್ನು ಆ ಸಂಸ್ಥೆ 2024ರಲ್ಲಿ ಘೋಷಿಸಿತು. ಅದು ಅವಧಿಯನ್ನು ಮುಂದೂಡಿತೇ ಹೊರತು ಸಮಸ್ಯೆಯನ್ನು ಬಗೆಹರಿಸಲಿಲ್ಲ. ವಿಂಡೋಸ್ 11 ಬೇಡುವುದು 4 ಜಿ.ಬಿ. ಸ್ಮೃತಿ, 64 ಜಿ.ಬಿ. ಡಿಸ್ಕು, ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನ ಮತ್ತು ಹೊಸ ಪೀಳಿಗೆಯ ಸಂಸ್ಕಾರಕ. 2017ಕ್ಕೆ ಹಿಂದಿನ ಯಂತ್ರಗಳು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗವು.

ಲಿನಕ್ಸ್ ಎಂಬ ಇನ್ನೊಂದು ದಾರಿ

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಯಂತ್ರಕ್ಕೆಂದು ಬರೆದ ತಿರುಳು ಲಿನಕ್ಸ್. ಅದಕ್ಕೂ ಮೊದಲು, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆಯನ್ನು ಸಾರಿದ್ದರು. ಇವೆರಡೂ ಕೂಡಿ ಬೆಳೆದ ವ್ಯವಸ್ಥೆಯನ್ನು ಯಾರು ಬೇಕಾದರೂ ಬಳಸಬಹುದು, ಪ್ರತಿಮಾಡಿ ಹಂಚಬಹುದು, ತಿದ್ದಬಹುದು; ಪರವಾನಗಿಯ ಶುಲ್ಕವಿಲ್ಲ. ತಾಳೆಗರಿಯ ಗ್ರಂಥವನ್ನು ಪ್ರತಿಮಾಡಿಕೊಂಡು ಹೋಗಲು ಬಿಡುತ್ತಿದ್ದ ನಮ್ಮ ಹಿರಿಯರಿಗೆ ಈ ನೀತಿ ಹೊಸದೆನಿಸುತ್ತಿರಲಿಲ್ಲ.

ಇದು ತಜ್ಞರಿಗೆ ಮಾತ್ರ ಮೀಸಲೆಂಬ ಶಂಕೆಗೆ ನೆರೆಯ ಕೇರಳದ ಶಾಲೆಗಳೇ ಸಮಾಧಾನ. ಅಲ್ಲಿನ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣ ಬಹುಕಾಲದಿಂದ ಸ್ವತಂತ್ರ ತಂತ್ರಾಂಶದ ಮೇಲೆ ನಡೆದುಬಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕನ್ನಡದಲ್ಲಿ ಅಚ್ಚಾದ ಪಠ್ಯಪುಸ್ತಕದ ನೆರವಿನಿಂದ ಅದನ್ನೇ ಕಲಿಯುತ್ತಾರೆ. ಎಂಟನೆಯ ತರಗತಿಯ ಮಕ್ಕಳು ಕಲಿಯುವುದನ್ನು ನಾವು ಕಲಿಯಲಾರೆವೆಂದರೆ ಒಪ್ಪತಕ್ಕ ಮಾತಲ್ಲ.

ಯಂತ್ರವನ್ನು ನೋಡಿ ಆಯ್ಕೆ

ಲಿನಕ್ಸಿನಲ್ಲಿ ಅನೇಕ ಪ್ರಭೇದಗಳಿವೆ. ಹೆಸರಿನ ಪ್ರಸಿದ್ಧಿಯನ್ನು ನೋಡದೆ, ನಮ್ಮ ಯಂತ್ರದ ಶಕ್ತಿಯನ್ನು ಮೊದಲು ತಿಳಿಯಬೇಕು. ಸಂಸ್ಕಾರಕವು 64 ಬಿಟ್ಟಿನದೋ 32 ಬಿಟ್ಟಿನದೋ, ಸ್ಮೃತಿ ಎಷ್ಟು ಜಿ.ಬಿ. ಎಂಬ ಎರಡೇ ಸಂಗತಿಗಳು ಸಾಕು. ಇವನ್ನು ವಿಂಡೋಸಿನ ಸಿಸ್ಟಮ್ ಮಾಹಿತಿಯಲ್ಲಿ ಕಾಣಬಹುದು.

ಒಂದನೆಯ ವರ್ಗ: 64 ಬಿಟ್ಟು, 4 ಜಿ.ಬಿ. ಅಥವಾ ಅದಕ್ಕೆ ಮೇಲ್ಪಟ್ಟ ಸ್ಮೃತಿ. ಇದಕ್ಕೆ ಲಿನಕ್ಸ್ ಮಿಂಟ್ ಎಂಬುದರ ಎಕ್ಸ್‌ಎಫ್‌ಸಿಇ ಆವೃತ್ತಿ ಯೋಗ್ಯ. ಇದರ ಮುಖಪುಟ ವಿಂಡೋಸ್ 7ನ್ನು ಹೋಲುವುದರಿಂದ ನಮ್ಮ ವಯಸ್ಸಿನವರಿಗೆ ಅಪರಿಚಿತವೆನಿಸದು. 2024ರಲ್ಲಿ ಹೊರಬಂದ ಇದರ 22ನೆಯ ಆವೃತ್ತಿಗೆ 2029ರವರೆಗೆ ತಿದ್ದುಪಡಿಗಳುಂಟು.

ಎರಡನೆಯ ವರ್ಗ: 64 ಬಿಟ್ಟು, 2 ಜಿ.ಬಿ. ಸ್ಮೃತಿ. ಮಿಂಟ್ ನಡೆಯುತ್ತದೆಯಾದರೂ ಏದುಸಿರು ಬಿಡುತ್ತದೆ. ಲುಬುಂಟು ಅಥವಾ ಡೆಬಿಯನ್ ಮೇಲೆ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರವಾದ ಮುಖಪುಟವನ್ನಿಟ್ಟುಕೊಂಡರೆ ಬರವಣಿಗೆಗೆ ಅಡ್ಡಿಯಿಲ್ಲ. ಆದರೆ ಇಂತಹ ಯಂತ್ರಕ್ಕೆ ಇನ್ನೊಂದು ಸ್ಮೃತಿಪಟ್ಟಿಯನ್ನು ಸೇರಿಸುವುದೂ, ತಿರುಗುವ ಹಳೆಯ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸುವುದೂ ವ್ಯವಸ್ಥೆಯ ಬದಲಾವಣೆಗಿಂತ ಹೆಚ್ಚು ಫಲಕಾರಿ.

ಮೂರನೆಯ ವರ್ಗ: 32 ಬಿಟ್ಟಿನ ಯಂತ್ರ. ಇವುಗಳ ಕಾಲ ಮುಗಿಯುತ್ತ ಬಂದಿದೆ. 2025ರ ಆಗಸ್ಟ್‌ನಲ್ಲಿ ಹೊರಬಂದ ಡೆಬಿಯನ್ 13ರಿಂದ 32 ಬಿಟ್ಟಿನ ಪಿ.ಸಿ.ಗಳಿಗೆ ಸ್ಥಾಪನಾ ಪ್ರತಿಯನ್ನು ಕೊಡುವುದು ನಿಂತಿತು. ಹಿಂದಿನ ಡೆಬಿಯನ್ 12ಕ್ಕೆ 2028ರವರೆಗೆ ದೀರ್ಘಾವಧಿ ಬೆಂಬಲವಿದೆ. ಇಂತಹ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದೆ ಬರವಣಿಗೆಗಷ್ಟೇ ಇಟ್ಟುಕೊಳ್ಳುವುದು ಲೇಸು. ಹಣ ತೆತ್ತು ಅದನ್ನು ದುರಸ್ತಿ ಮಾಡಿಸುವುದು ವ್ಯರ್ಥ.

ಕನ್ನಡದ ಪ್ರಶ್ನೆ

ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ವಿಂಡೋಸಿಗೆಂದು ಹುಟ್ಟಿದ್ದು. ಹಾಗಾದರೆ ಲಿನಕ್ಸಿನಲ್ಲಿ ಕನ್ನಡದ ಗತಿಯೇನೆಂದು ನಾನೂ ಅಂಜಿದ್ದೆ. ಕಳೆದ ವರ್ಷ ನನ್ನ ಯಂತ್ರವನ್ನು ನೋಡಲು ಬಂದ ಹಳೆಯ ವಿದ್ಯಾರ್ಥಿಯೊಬ್ಬ ಕೀಲಿವಿನ್ಯಾಸಗಳ ಪಟ್ಟಿಯನ್ನು ತೆರೆದು, “ಗುರುಗಳೇ, ಇಲ್ಲಿ ನೋಡಿ” ಎಂದು ಬೆರಳಿಟ್ಟು ತೋರಿಸಿದ. ಜಗತ್ತಿನ ಭಾಷೆಗಳ ಆ ಪಟ್ಟಿಯಲ್ಲಿ ಕನ್ನಡದ ಮುಂದೆ ‘ಕಗಪ’ ಎಂದಿತ್ತು. “ಇದೇನಪ್ಪಾ?” ಎಂದೆ. “ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರೇ, ಗುರುಗಳೇ. ನೀವು ನುಡಿಯಲ್ಲಿ ಒತ್ತುವ ಕೀಲಿಗಳೇ ಇವು” ಎಂದ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನು ಅನುಸರಿಸಿ ರೂಪಿಸಿದ ವಿನ್ಯಾಸ ನುಡಿಯ ಮೂಲಕ ನಮ್ಮ ಬೆರಳಿಗೆ ಬಂದು, ಅಲ್ಲಿಂದ ಲೋಕದ ಲಿನಕ್ಸ್ ಯಂತ್ರಗಳಿಗೆಲ್ಲ ಹೋಗಿದೆ. ಅದೇ ಹೆಸರಿನ ವಿನ್ಯಾಸ ತೆಲುಗಿಗೂ, ಸಂಸ್ಕೃತಕ್ಕೂ, ಹಿಂದಿಗೂ ಆ ಪಟ್ಟಿಯಲ್ಲಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಪಾವಗಡದ ಮಕ್ಕಳಿಗೆ ಇದು ವಿಶೇಷ ಅನುಕೂಲ. ಐಬಸ್ ಎಂಬ ಸಾಧನದೊಡನೆ ಎಂ17ಎನ್ ಎಂಬ ಭಾಷಾಸಂಪುಟವನ್ನು ಸೇರಿಸಿಕೊಂಡರೆ, ಒತ್ತಕ್ಷರಕ್ಕೆ ಎಫ್ ಕೀಲಿಯನ್ನು ಒತ್ತುವ ನಮ್ಮ ಅಭ್ಯಾಸವನ್ನೂ ಬಿಡಬೇಕಾಗಿಲ್ಲ. ಗುಬ್ಬಿ, ನವಿಲು ಎಂಬ ಹೆಸರಿನ ಅಕ್ಷರಶೈಲಿಗಳೂ, ಕನ್ನಡದ ಮುಖಪುಟವುಳ್ಳ ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶವೂ ಉಚಿತವಾಗಿ ದೊರೆಯುತ್ತವೆ.

ಆದರೆ ಹಳೆಯ ಕಡತಗಳ ವಿಷಯದಲ್ಲಿ ಎಚ್ಚರ ಬೇಕು. ಹಿಂದೆ ನಾವು ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ್ದು ಯಂತ್ರದ ಒಳಗೆ ಕನ್ನಡವಾಗಿ ಕೂತಿಲ್ಲ. ಒಳಗಿರುವುದು ರೋಮನ್ ಮುಂತಾದ ಚಿಹ್ನೆಗಳು. ಅಕ್ಷರಶೈಲಿಯು ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಆ ಶೈಲಿ ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ಓದಲಾಗದ ಗೊಜಲು ಕಾಣುತ್ತದೆ. ಅಕಾರಾದಿಯಾಗಿ ಜೋಡಿಸಲೂ, ಪದವೊಂದನ್ನು ಹುಡುಕಲೂ ಅದರಲ್ಲಿ ಆಗದು. ಯೂನಿಕೋಡಿನಲ್ಲಾದರೋ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಸ್ಥಾನವುಂಟು. ಆದ್ದರಿಂದ ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸಿ, ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳಿದೆಯೇ ಎಂದು ಒಮ್ಮೆ ಓದಿ ತಿದ್ದಬೇಕು. ಕರಡು ತಿದ್ದುವ ಅಭ್ಯಾಸವುಳ್ಳ ಕನ್ನಡದ ಅಧ್ಯಾಪಕರಿಗೆ ಇದು ಒಗ್ಗಿದ ಕೆಲಸ.

ಯಾರು ಬದಲಿಸಬಾರದು?

ಲಿನಕ್ಸೇ ಎಲ್ಲರಿಗೂ ಸಲ್ಲುವುದೆಂದರೆ ಅತ್ಯುಕ್ತಿಯಾದೀತು. ಟ್ಯಾಲಿಯಲ್ಲಿ ಲೆಕ್ಕವಿಡುವವರು, ವಿಂಡೋಸಿನಲ್ಲಷ್ಟೇ ನಡೆಯುವ ಡಿಜಿಟಲ್ ಸಹಿಯ ಸಾಧನ ಬಳಸುವ ಕಚೇರಿಯವರು, ಪುಸ್ತಕದ ಪುಟವಿನ್ಯಾಸಕ್ಕೆ ಪೇಜ್‌ಮೇಕರನ್ನೇ ನಂಬಿದ ಮುದ್ರಣಾಲಯದವರು ಅವಸರದಿಂದ ಬದಲಿಸಬಾರದು. ಕೆಲವು ಹಳೆಯ ಮುದ್ರಕಗಳೂ ಲಿನಕ್ಸಿನೊಡನೆ ಹೊಂದಿಕೊಳ್ಳವು. ಇಂಥವರಿಗೆ ಹೊಸ ಯಂತ್ರವೇ ಗತಿ. ಹಳೆಯದು ಮನೆಯ ಬರವಣಿಗೆಗೆ ಉಳಿಯಲಿ. ಪರವಾನಗಿಯಿಲ್ಲದ ಪ್ರತಿಯನ್ನು ಹಾಕಿಸಿಕೊಳ್ಳುವುದಂತೂ ಮಕ್ಕಳಿಗೆ ನೀತಿ ಹೇಳುವ ನಮಗೆ ಸಲ್ಲದು. ಅದರೊಳಗೆ ಏನು ಸೇರಿಸಿದ್ದಾರೆಂಬುದೂ ನಮಗೆ ತಿಳಿಯದು.

ಮಾಡುವ ಕ್ರಮ

ಮೊದಲನೆಯ ಕೆಲಸ, ನಾನು ಮಾಡದೆ ಕೆಟ್ಟದ್ದು: ಎಲ್ಲ ಕಡತಗಳನ್ನೂ ಎರಡು ಬೇರೆ ಬೇರೆ ಸಾಧನಗಳಿಗೆ ಪ್ರತಿಮಾಡಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ನಂತರ ಲಿನಕ್ಸಿನ ಪ್ರತಿಯನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಬರಿದಾದ 8 ಜಿ.ಬಿ. ಪೆನ್‌ಡ್ರೈವಿಗೆ ರೂಫಸ್ ಮೊದಲಾದ ಸಾಧನದಿಂದ ಬರೆಯಬೇಕು. ಯಂತ್ರವನ್ನು ಆ ಪೆನ್‌ಡ್ರೈವಿನಿಂದ ಎಬ್ಬಿಸಿದರೆ ಡಿಸ್ಕನ್ನು ಮುಟ್ಟದೆಯೇ ವ್ಯವಸ್ಥೆ ಕಾಣಿಸಿಕೊಳ್ಳುತ್ತದೆ. ಹಾಗೆಯೇ ನಾಲ್ಕಾರು ದಿನ ಬಳಸಿ, ಧ್ವನಿ, ವೈಫೈ, ಮುದ್ರಕ, ಕನ್ನಡ ಇವೆಲ್ಲ ಸರಿಯಿದ್ದರೆ ಮಾತ್ರ ಸ್ಥಾಪಿಸಬೇಕು. ಸ್ಥಾಪಿಸುವಾಗ ಡಿಸ್ಕನ್ನು ಅಳಿಸಲೇ ಎಂದು ಅದು ಕೇಳುತ್ತದೆ. ಆ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರಿಸಬೇಕು. ಇನ್ನೊಂದು ಸಣ್ಣ ಸಂಗತಿ: ಹಳೆಯ ಯಂತ್ರದೊಳಗಿನ ಗುಂಡಿಯಾಕಾರದ ಬ್ಯಾಟರಿ ಸತ್ತಿದ್ದರೆ ದಿನಾಂಕ ಹಿಂದಕ್ಕೆ ಹೋಗಿ, ಜಾಲತಾಣಗಳು ತೆರೆಯದೆ ನಿಲ್ಲಬಹುದು. ವ್ಯವಸ್ಥೆಯನ್ನು ಹಳಿಯುವ ಮೊದಲು ಸಿ.ಆರ್. 2032 ಎಂಬ ಆ ಬ್ಯಾಟರಿಯನ್ನು ಬದಲಿಸಿ ನೋಡಿರಿ.

ನನ್ನ ಯಂತ್ರಕ್ಕೆ ಸ್ಮೃತಿಯನ್ನು 4 ಜಿ.ಬಿ.ಗೆ ಏರಿಸಿ, ಎಸ್.ಎಸ್.ಡಿ. ಹಾಕಿಸಿ, ಮಿಂಟ್ ಸ್ಥಾಪಿಸಿದ್ದಾಯಿತು. ಮೊದಲು ಹೊತ್ತಿಸಿ ಕಾಫಿ ಕುಡಿದು ಬಂದರೂ ಏಳದಿದ್ದ ಯಂತ್ರ ಈಗ ಕೂತು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಸಿ.ಡಿ.ಯಲ್ಲಿ ಉಳಿದಿದ್ದ ಪದಸಂಗ್ರಹವನ್ನು ಯೂನಿಕೋಡಿಗೆ ತಿರುಗಿಸಿ, ಇದೇ ಮೊದಲ ಬಾರಿಗೆ ಅಕಾರಾದಿಯಾಗಿ ಜೋಡಿಸಿದೆ. ಹೋದ ನಾಲ್ಕು ವರ್ಷದ ಸಂಗ್ರಹವನ್ನು ಯಾವ ವ್ಯವಸ್ಥೆಯೂ ತಂದುಕೊಡದು.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹ. ತಮ್ಮ ಕಚೇರಿಗಳಲ್ಲಿ ವಿಂಡೋಸ್ 11 ಒಪ್ಪದೆಂದು ಮೂಲೆಗೆ ಸೇರಿದ 64 ಬಿಟ್ಟಿನ ಯಂತ್ರಗಳಿದ್ದರೆ, ತಮ್ಮ ಕಡತಗಳನ್ನು ತೆಗೆದುಕೊಂಡು ಡಿಸ್ಕನ್ನು ಅಳಿಸಿ, ಯಂತ್ರವನ್ನು ಶಾಲೆಗೆ ಕಳುಹಿಸಿಕೊಡಿರಿ. ಸಾಧ್ಯವಾದರೆ ಒಂದು ಭಾನುವಾರ ತಾವೂ ಬಂದು ಅಧ್ಯಾಪಕರೊಡನೆ ಕುಳಿತು ಸ್ಥಾಪಿಸಿಕೊಡಿರಿ. ಅಧ್ಯಾಪಕ ಬಂಧುಗಳಿಗೆ ಹೇಳುವುದು ಇಷ್ಟೆ: ಈ ಸಂಚಿಕೆಯನ್ನು ಮಡಿಚಿಟ್ಟೊಡನೆ ತಮ್ಮ ಯಂತ್ರದಲ್ಲಿರುವ ಕಡತಗಳಿಗೆ ಇನ್ನೊಂದು ಪ್ರತಿ ಇದೆಯೇ ಎಂದು ನೋಡಿಕೊಳ್ಳಿರಿ. ಆ ಇಬ್ಬರು ಮುದುಕರನ್ನು ಕಾಣಲು ನಾನು ಈ ಬೇಸಿಗೆಯಲ್ಲಿ ಮತ್ತೆ ಪಾವಗಡಕ್ಕೆ ಹೋಗಬೇಕಾಗಿದೆ.